ಒಂದು ವಾಲ್ವ್, ಎರಡು ಬಗೆ ಬ್ಯಾಟರಿ: ಹಳೇ ಕಾಲದ ರೇಡಿಯೊ ಮನೆಯಲ್ಲೇ ಕಟ್ಟುವುದು ಹೇಗೆ?

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಕೆಡವುವ ಮುಂಚೆ ಅಟ್ಟ ಖಾಲಿ ಮಾಡಬೇಕು. ಹಿತ್ತಾಳೆ ಕೊಳಗ, ಮುರಿದ ತೊಟ್ಟಿಲು, ಹಳೇ ಪಂಚಾಂಗದ ಕಟ್ಟು ಎಲ್ಲ ಇಳಿಸಿದ ಮೇಲೆ, ಮೂಲೆಯಲ್ಲಿ ಒಂದು ಮರದ ರೇಡಿಯೊ ಸಿಗುತ್ತದೆ. ಹಿಂದಿನ ರಟ್ಟು ತೆಗೆದರೆ ಒಳಗೆ ಬೆರಳುದ್ದದ ಗಾಜಿನ ಬುರುಡೆಗಳು. ಕರೆಂಟಿನ ಪ್ಲಗ್ಗೇ ಇಲ್ಲ. ಬದಲಿಗೆ ಬಟ್ಟೆ ಸುತ್ತಿದ ನಾಲ್ಕು ವೈರುಗಳು ಎಲ್ಲಿಗೂ ಸೇರದೆ ಜೋತಾಡುತ್ತಿರುತ್ತವೆ.

ಫೋಟೊ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಎರಡು ಪ್ರಶ್ನೆ ಬರುತ್ತವೆ. "ಇದು ಈಗ ಹಾಡತ್ತಾ?" "ಇಂಥದ್ದನ್ನ ನಾವೇ ಮಾಡಬಹುದಾ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ: ಮಾಡಬಹುದು. ಒಂದೇ ಒಂದು ವಾಲ್ವ್, ಅಂದರೆ ಆ ಗಾಜಿನ ಬುರುಡೆಗಳಲ್ಲಿ ಒಂದು, ಸಾಕು. ಮೊಬೈಲಿನೊಳಗೆ ಏನು ನಡೆಯುತ್ತದೆ ಅಂತ ಕಣ್ಣಿಗೆ ತೋರಿಸಲು ಆಗುವುದಿಲ್ಲ. ಈ ರೇಡಿಯೊದಲ್ಲಿ ಹಾಗಲ್ಲ. ಪ್ರತಿ ವೈರೂ ಎಲ್ಲಿಂದ ಎಲ್ಲಿಗೆ, ಯಾಕೆ ಹೋಗುತ್ತದೆ ಅಂತ ಎಂಟನೇ ಕ್ಲಾಸಿನ ಹುಡುಗಿಗೂ ಹೇಳಿಕೊಡಬಹುದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಪ್ಲಗ್ ಇಲ್ಲದ ರೇಡಿಯೊ ಯಾಕಿತ್ತು?

ಶಿವನಸಮುದ್ರದ ಕರೆಂಟ್ ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ಬಂತು. ಆದರೆ ಹಳ್ಳಿಗಳಿಗೆ ಅದು ತಲುಪಲು ಎಷ್ಟೋ ದಶಕ ಹಿಡಿಯಿತು. ಅಷ್ಟರಲ್ಲಿ ರೇಡಿಯೊ ಬಂದಿತ್ತು. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಬೆಂಗಳೂರು ಆಕಾಶವಾಣಿ 1955ರಲ್ಲಿ ಬಂತು. ಕೇಳುವ ಆಸೆ ಊರೂರಲ್ಲೂ ಇತ್ತು, ಗೋಡೆಯಲ್ಲಿ ಪ್ಲಗ್ ಇರಲಿಲ್ಲ.

ಅಂಥ ಮನೆಗಳಿಗೆ ಅಂತಲೇ ಬ್ಯಾಟರಿ ಸೆಟ್ಟುಗಳು ಬಂದವು. ಟ್ರಾನ್ಸಿಸ್ಟರ್ ಎಲ್ಲರ ಕೈಗೆ ಸಿಗುವ ತನಕ ಜಗಲಿಯಲ್ಲಿ ವಾರ್ತೆ ಹೇಳಿದ್ದು, ನಾಟಕ ಕೇಳಿಸಿದ್ದು ಇವೇ.

ಬೆಂಗಳೂರಿಗೆ ಈ ಕತೆಯಲ್ಲಿ ಇನ್ನೊಂದು ಪಾಲೂ ಇದೆ. ಜಾಲಹಳ್ಳಿಯ ಬಿಇಎಲ್ ಶುರುವಾದದ್ದು 1954ರಲ್ಲಿ. 1961ರಿಂದ ಅಲ್ಲಿ ರೇಡಿಯೊ ವಾಲ್ವುಗಳೂ ತಯಾರಾದವು. ಹಾಗಾಗಿ ಈ ಊರಿನ ಹಳೇ ಟ್ರಂಕುಗಳಲ್ಲಿ, ಹಳೇ ರಿಪೇರಿ ಅಂಗಡಿಗಳ ಡ್ರಾಯರುಗಳಲ್ಲಿ ಇನ್ನೂ ಡಬ್ಬಿ ಬಿಚ್ಚದ ವಾಲ್ವುಗಳಿವೆ.

ವಾಲ್ವ್ ಅಂದರೆ ನಲ್ಲಿ

ಹೆಸರಲ್ಲೇ ಅರ್ಥ ಇದೆ. ನೀರಿನ ಪೈಪಿನಲ್ಲಿ ವಾಲ್ವ್ ಏನು ಮಾಡುತ್ತದೆ? ಟ್ಯಾಂಕಿನಿಂದ ಜೋರಾಗಿ ಬರುವ ನೀರನ್ನು ಎರಡು ಬೆರಳಿನಿಂದ ಜಾಸ್ತಿ ಕಡಿಮೆ ಮಾಡಲು ಬಿಡುತ್ತದೆ. ಬೆರಳಿನ ಶಕ್ತಿ ಚಿಕ್ಕದು, ನೀರಿನ ರಭಸ ದೊಡ್ಡದು. ಆದರೂ ರಭಸ ಬೆರಳಿನ ಮಾತು ಕೇಳುತ್ತದೆ, ಅಲ್ವಾ? ರೇಡಿಯೊ ವಾಲ್ವೂ ಅಷ್ಟೇ. ಇಲ್ಲಿ ನೀರಿನ ಜಾಗದಲ್ಲಿ ಎಲೆಕ್ಟ್ರಾನುಗಳು.

ಗಾಜಿನ ಬುರುಡೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ನಡುವೆ ಕೂದಲಿಗಿಂತ ತೆಳ್ಳಗಿನ ಒಂದು ತಂತಿ, ಅದೇ ಫಿಲಮೆಂಟ್. ಅದನ್ನು ಬಿಸಿ ಮಾಡಿದರೆ ಮೈಮೇಲಿನ ಲೇಪದಿಂದ ಎಲೆಕ್ಟ್ರಾನುಗಳು ಹೊರಗೆ ಚಿಮ್ಮುತ್ತವೆ, ಬಿಸಿ ನೀರಿನಿಂದ ಹಬೆ ಏಳುವ ಹಾಗೆ. ಸುತ್ತ ಒಂದು ಲೋಹದ ಗೋಡೆ ಇದೆ, ಅದು ಪ್ಲೇಟ್. ಪ್ಲೇಟಿಗೆ ಬ್ಯಾಟರಿಯ ಪಾಸಿಟಿವ್ ಕೊಟ್ಟರೆ ಎಲೆಕ್ಟ್ರಾನುಗಳು ಅದರ ಕಡೆಗೆ ಓಡುತ್ತವೆ.

ಫಿಲಮೆಂಟಿಗೂ ಪ್ಲೇಟಿಗೂ ನಡುವೆ ತಂತಿ ಸುರುಳಿಯ ಒಂದು ಜಾಲರಿ ಇಟ್ಟರೆ? ಅದು ಗ್ರಿಡ್. ಅದಕ್ಕೆ ಸ್ವಲ್ಪ ನೆಗೆಟಿವ್ ಕೊಟ್ಟರೆ ಎಲೆಕ್ಟ್ರಾನುಗಳು ಹಿಂಜರಿಯುತ್ತವೆ. ನೆಗೆಟಿವ್ ಕಡಿಮೆ ಮಾಡಿದರೆ ನುಗ್ಗುತ್ತವೆ. ಗ್ರಿಡ್ ಅಂದರೆ ನಲ್ಲಿ ತಿರುಗಿಸುವ ಬೆರಳು. ಏರಿಯಲ್ಲಿನಲ್ಲಿ ಸಿಕ್ಕ ಚೂರೇ ಚೂರು ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟರೆ, ಪ್ಲೇಟಿನಲ್ಲಿ ಅದೇ ಏರಿಳಿತ ದೊಡ್ಡದಾಗಿ ಬರುತ್ತದೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಹೀಗೆ ಮೂರನೆಯ ತಂತಿ ಸೇರಿಸಿದ. ರೇಡಿಯೊದ ಮುಂದಿನ ದಾರಿ ಅಲ್ಲಿಂದ ತೆರೆಯಿತು.

ನಾವು ಬಳಸುವ ವಾಲ್ವಿನ ಹೆಸರು 1ಟಿ4. ಯುರೋಪಿನ ಪಟ್ಟಿಯಲ್ಲಿ ಇದೇ ಡಿಎಫ್91. ಇದರಲ್ಲಿ ಒಂದರ ಬದಲು ಮೂರು ಗ್ರಿಡ್ ಇವೆ. ಮೊದಲನೆಯದೇ ನಲ್ಲಿಯ ಬೆರಳು. ಎರಡನೆಯದು ಸ್ಕ್ರೀನ್, ಅದಕ್ಕೆ ಕೊಡುವ ವೋಲ್ಟೇಜ್ ಏರಿಸಿದರೆ ವಾಲ್ವಿನ ಬಲ ಏರುತ್ತದೆ. ಮೂರನೆಯದು ಒಳಗೇ ಜೋಡಣೆಯಾಗಿದೆ, ನಾವು ಅದರ ಗೊಡವೆಗೆ ಹೋಗಬೇಕಿಲ್ಲ.

ಒಂದು 1ಟಿ4 ಕೈಯಲ್ಲಿ ಹಿಡಿದು ನೋಡಿ. ಕಿರುಬೆರಳಿಗಿಂತ ಸ್ವಲ್ಪ ದಪ್ಪ. ತಳದಲ್ಲಿ ಏಳು ಸೂಜಿಯಂಥ ಪಿನ್ನುಗಳು, ಒಂದು ಕಡೆ ಮಾತ್ರ ಅಂತರ ಬಿಟ್ಟಿರುತ್ತದೆ. ಪಿನ್ನುಗಳು ನಿಮ್ಮ ಕಡೆ ಮುಖ ಮಾಡುವಂತೆ ಹಿಡಿದು, ಆ ಅಂತರದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ 1ರಿಂದ 7 ಅಂತ ಎಣಿಸಬೇಕು. ಗಾಜಿನ ಒಳಗೆ ಕನ್ನಡಿಯ ಹಾಗೆ ಹೊಳೆಯುವ ಒಂದು ಬೆಳ್ಳಿ ಕಲೆ ಕಾಣುತ್ತದೆ. ಅಳಿದುಳಿದ ಗಾಳಿಯನ್ನು ಹೀರಿಕೊಳ್ಳಲು ಇಟ್ಟ ಲೋಹ ಅದು. ಕಲೆ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ನುಗ್ಗಿದೆ ಅಂತ ಅರ್ಥ. ಅಂಥ ವಾಲ್ವ್ ಮುಗಿದ ಹಾಗೆ. ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಎ ಬ್ಯಾಟರಿ, ಬಿ ಬ್ಯಾಟರಿ

ಅಟ್ಟದ ರೇಡಿಯೊದಿಂದ ನಾಲ್ಕು ವೈರು ಯಾಕೆ ಜೋತಾಡುತ್ತಿದ್ದವು? ಅದಕ್ಕೆ ಎರಡು ಬೇರೆ ಬೇರೆ ಬ್ಯಾಟರಿ ಬೇಕಿತ್ತು.

ಒಂದು, ಫಿಲಮೆಂಟ್ ಬಿಸಿ ಮಾಡಲು. ಇದನ್ನು ಎ ಬ್ಯಾಟರಿ ಅನ್ನುತ್ತಿದ್ದರು. 1ಟಿ4ಕ್ಕೆ 1.4 ವೋಲ್ಟ್, 50 ಮಿಲಿಆಂಪ್ ಸಾಕು. ಟಾರ್ಚಿಗೆ ಹಾಕುವ ದಪ್ಪ ಸೆಲ್ 1.5 ವೋಲ್ಟ್ ಕೊಡುತ್ತದೆ. ಬಳಸುತ್ತಾ ಅದು ನಿಧಾನವಾಗಿ ಇಳಿಯುತ್ತದೆ, ಆ ಲೆಕ್ಕದಲ್ಲೇ ಈ ವಾಲ್ವುಗಳನ್ನು ಮಾಡಿದ್ದಾರೆ. ಒಂದು ಸೆಲ್ಲಿನಲ್ಲಿ ನೂರು ಗಂಟೆ ಆರಾಮಾಗಿ ನಡೆಯುತ್ತದೆ.

ಇನ್ನೊಂದು, ಪ್ಲೇಟಿಗೆ ಪಾಸಿಟಿವ್ ಕೊಡಲು. ಇದು ಬಿ ಬ್ಯಾಟರಿ. ಎಲೆಕ್ಟ್ರಾನುಗಳನ್ನು ದೂರದಿಂದ ಸೆಳೆಯಬೇಕಲ್ಲ, ಹಾಗಾಗಿ ವೋಲ್ಟೇಜ್ ಜಾಸ್ತಿ ಬೇಕು, ಕರೆಂಟ್ ಕಡಿಮೆ ಸಾಕು. ಹಳೇ ಸೆಟ್ಟುಗಳಿಗೆ 67.5 ಅಥವಾ 90 ವೋಲ್ಟಿನ ಇಟ್ಟಿಗೆಯಂಥ ಪ್ಯಾಕ್ ಬರುತ್ತಿತ್ತು. ಈಗ ಅವು ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ 9 ವೋಲ್ಟಿನ ಚೌಕ ಬ್ಯಾಟರಿ ಎಲ್ಲ ಕಡೆ ಇದೆ. ಅದರ ತಲೆಯ ಮೇಲೆ ಒಂದು ಗಂಡು ಗುಂಡಿ, ಒಂದು ಹೆಣ್ಣು ಗುಂಡಿ. ಒಂದರ ಗುಂಡಿಯನ್ನು ಇನ್ನೊಂದಕ್ಕೆ ಒತ್ತಿ ಸಾಲಾಗಿ ಐದನ್ನು ಸೇರಿಸಿದರೆ 45 ವೋಲ್ಟ್. ನಮ್ಮ ಒಂದು ವಾಲ್ವಿನ ರೇಡಿಯೊಗೆ ಅಷ್ಟು ಧಾರಾಳ. ಎಳೆಯುವ ಕರೆಂಟ್ ಒಂದೆರಡು ಮಿಲಿಆಂಪ್ ಮಾತ್ರ, ದಿನಕ್ಕೊಂದು ಗಂಟೆ ಕೇಳಿದರೆ ತಿಂಗಳುಗಟ್ಟಲೆ ಬರುತ್ತವೆ.

ಕರೆಂಟಿನಿಂದ ನಡೆಯುವ ವಾಲ್ವ್ ರೇಡಿಯೊ ಹಾಕಿದ ಮೇಲೆ ಹಾಡಲು ಅರ್ಧ ನಿಮಿಷ ಬೇಕು ಅಂತ ಹಿರಿಯರು ಹೇಳಿರುತ್ತಾರೆ. ಅವುಗಳಲ್ಲಿ ಹೀಟರ್ ಮೊದಲು ಕಾದು, ಆಮೇಲೆ ಸುತ್ತಲಿನ ಕೊಳವೆಯನ್ನು ಕಾಯಿಸಬೇಕು. ಬ್ಯಾಟರಿ ವಾಲ್ವಿನಲ್ಲಿ ಕಾಯುವ ತಂತಿಯೇ ಎಲೆಕ್ಟ್ರಾನ್ ಕೊಡುತ್ತದೆ. ಸ್ವಿಚ್ ಹಾಕಿದ ಕೂಡಲೇ ತಯಾರು. ಬೆಳಕು ಮಾತ್ರ ನಿರೀಕ್ಷಿಸಬೇಡಿ. ಕತ್ತಲೆ ಕೋಣೆಯಲ್ಲಿ ಕಣ್ಣು ಹೊಂದಿಸಿಕೊಂಡು ನೋಡಿದರೆ ಮಾಸಲು ಕೆಂಪಿನ ಒಂದು ಎಳೆ ಕಂಡೀತು, ಅಷ್ಟೇ.

ಇಷ್ಟು ತೆಳ್ಳಗಿನ ತಂತಿಗೆ ಒಂದೇ ಶತ್ರು, ತಪ್ಪಿ ತಗಲುವ ಬಿ ಬ್ಯಾಟರಿ. ನನ್ನ ಮೊದಲ ವಾಲ್ವ್ ಹೋದದ್ದು ಹಾಗೆಯೇ. ಬಿ ಬ್ಯಾಟರಿಯ ಕೆಂಪು ವೈರ್ ಕೈ ಜಾರಿ ಫಿಲಮೆಂಟಿನ ಪಿನ್ನಿಗೆ, ಅಂದರೆ 7ನೇ ಪಿನ್ನಿಗೆ, ತಾಗಿತು. ಗಾಜಿನೊಳಗೆ ಒಂದು ಬಿಳಿ ಮಿಂಚು. ಸದ್ದೇ ಇಲ್ಲ. ಎಷ್ಟು ಹುಡುಕಿ ತಂದಿದ್ದ ವಾಲ್ವ್ ಅದು, ಆ ಸಂಜೆ ಇನ್ನೇನೂ ಮಾಡಲು ಮನಸ್ಸಾಗಲಿಲ್ಲ. ಆಮೇಲಿಂದ ಬಿ ಬ್ಯಾಟರಿಯ ಪಾಸಿಟಿವ್ ವೈರಿನಲ್ಲೇ ಕರೆಂಟಿಗೆ ತಡೆ ಒಡ್ಡುವ ಒಂದು 2.2 ಕಿಲೋಓಮ್ (2,200 ಓಮ್) ರೆಸಿಸ್ಟರ್ ಹಾಕದೆ ನಾನು ಮುಂದುವರಿಯುವುದಿಲ್ಲ. 45 ವೋಲ್ಟನ್ನು 2,200ರಿಂದ ಭಾಗಿಸಿದರೆ ಸುಮಾರು 20 ಮಿಲಿಆಂಪ್. ಎಲ್ಲಿ ತಗುಲಿದರೂ ಅದಕ್ಕಿಂತ ಜಾಸ್ತಿ ಹರಿಯುವುದಿಲ್ಲ, ಫಿಲಮೆಂಟ್ ಉಳಿಯುತ್ತದೆ. ನೀವೂ ಈ ರೆಸಿಸ್ಟರನ್ನು ಮೊದಲೇ ಹಾಕಿಬಿಡಿ.

ಇನ್ನು ನಮ್ಮ ಮೈಯ ಮಾತು. 45 ವೋಲ್ಟ್ ಒಣ ಕೈಗೆ ಅಷ್ಟಾಗಿ ಗೊತ್ತಾಗದು, ಒದ್ದೆ ಕೈಗೆ ಗೊತ್ತಾಗುತ್ತದೆ. 90 ವೋಲ್ಟ್ ಚೆನ್ನಾಗಿಯೇ ಹೊಡೆಯುತ್ತದೆ. ಬ್ಯಾಟರಿ ಬಿಚ್ಚದೆ ಒಳಗೆ ಕೈ ಹಾಕಬಾರದು. ಮಕ್ಕಳು ಕಟ್ಟುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು.

612 ಅಂದರೆ ಏನು?

"ಬೆಂಗಳೂರು ಆಕಾಶವಾಣಿ, 612 ಕಿಲೋಹರ್ಟ್ಜ್" ಅಂತ ಕೇಳಿದ್ದೇವೆ. ಕೇಂದ್ರದಿಂದ ಹೊರಡುವ ಅಲೆ ಸೆಕೆಂಡಿಗೆ 6,12,000 ಸಲ ಮೇಲೆ ಕೆಳಗೆ ಆಡುತ್ತದೆ ಅಂತ ಅದರ ಅರ್ಥ. ಒಂದು ಅಲೆಯ ಉದ್ದ 490 ಮೀಟರ್. ಈ ಆಟ ನಮ್ಮ ಕಿವಿಗೆ ಕೇಳುವಂಥದ್ದಲ್ಲ, ಅದು ಬರೀ ವಾಹನ. ಮಾತು, ಹಾಡು ಅದರ ಮೇಲೆ ಸವಾರಿ ಮಾಡುತ್ತವೆ. ಹಾಡುವವರ ದನಿ ಏರಿಳಿದ ಹಾಗೆ ಅಲೆಯ ಎತ್ತರವೂ ಏರಿಳಿಯುತ್ತದೆ. ಎತ್ತರ ಬದಲಾಗುವ ಈ ಕ್ರಮಕ್ಕೆ ಎ.ಎಂ. ಅಂತ ಹೆಸರು. ಎಫ್.ಎಂ. ಬೇರೆಯೇ ಬಗೆ, ಈ ರೇಡಿಯೊ ಅದನ್ನು ಹಿಡಿಯುವುದಿಲ್ಲ.

ರೇಡಿಯೊಗೆ ಮೂರು ಕೆಲಸ. ಬೇಕಾದ ಕೇಂದ್ರವನ್ನು ಆರಿಸುವುದು, ಅಲೆಯಿಂದ ಮಾತನ್ನು ಬಿಡಿಸುವುದು, ಬಿಡಿಸಿದ್ದನ್ನು ದೊಡ್ಡದು ಮಾಡುವುದು.

ಆರಿಸುವ ಕೆಲಸ ಕಾಯಿಲ್ ಮತ್ತು ಗ್ಯಾಂಗ್ ಕಂಡೆನ್ಸರಿನದು. ಕಾಯಿಲ್ ಅಂದರೆ ತಂತಿಯ ಸುರುಳಿ. ಕಂಡೆನ್ಸರ್ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ತಿರುಗಿಸಿ ಅಳತೆ ಬದಲಿಸುವಂಥ ಕಂಡೆನ್ಸರೇ ಗ್ಯಾಂಗ್. ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಪ್ರತಿ ಉಯ್ಯಾಲೆಗೂ ಅದರದೇ ಒಂದು ಲಯ ಇರುತ್ತದೆ. ಆ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಎತ್ತರಕ್ಕೆ ಹೋಗುತ್ತದೆ. ಲಯ ತಪ್ಪಿಸಿ ಎಷ್ಟು ತಳ್ಳಿದರೂ ಅಲ್ಲೇ ಒದ್ದಾಡುತ್ತದೆ. ಕಾಯಿಲ್ಲಿಗೂ ಕಂಡೆನ್ಸರಿಗೂ ನಡುವೆ ವಿದ್ಯುತ್ ಹೀಗೆಯೇ ತೂಗುತ್ತದೆ. ಗ್ಯಾಂಗ್ ತಿರುಗಿಸಿದರೆ ಲಯ ಬದಲಾಗುತ್ತದೆ. ಲಯ 612ಕ್ಕೆ ಬಂದಾಗ ಆ ಕೇಂದ್ರದ ಅಲೆ ಮಾತ್ರ ಉಯ್ಯಾಲೆಯನ್ನು ಎತ್ತರಕ್ಕೆ ಒಯ್ಯುತ್ತದೆ. ಉಳಿದವು ಸುಮ್ನೆ ಹಾದುಹೋಗುತ್ತವೆ.

ಮಾತು ಬಿಡಿಸುವುದು ಗ್ರಿಡ್ಡಿನ ಬಳಿ. ಅಲ್ಲಿ ಒಂದು ಪುಟ್ಟ ಕಂಡೆನ್ಸರ್, ಜೊತೆಗೆ 2.2 ಮೆಗಾಓಮಿನ ದೊಡ್ಡ ರೆಸಿಸ್ಟರ್ ಇಡುತ್ತೇವೆ. ಅಲೆ ಮೇಲಕ್ಕೆ ಹೋದಾಗಲೆಲ್ಲ ಗ್ರಿಡ್ ಕೆಲವು ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳುತ್ತದೆ. ಅಲೆ ಎತ್ತರ ಇದ್ದಷ್ಟೂ ಜಾಸ್ತಿ ಹಿಡಿಯುತ್ತದೆ. ಹಿಡಿದದ್ದು ರೆಸಿಸ್ಟರಿನ ಮೂಲಕ ನಿಧಾನವಾಗಿ ಸೋರಿ ಹೋಗುತ್ತದೆ. ಅಂದರೆ ಗ್ರಿಡ್ಡಿನ ವೋಲ್ಟೇಜ್ ಅಲೆಯ ಲಕ್ಷಾಂತರ ಕುಣಿತವನ್ನು ಬಿಟ್ಟು, ಅದರ ಎತ್ತರದ ಏರಿಳಿತವನ್ನು ಮಾತ್ರ ಹಿಂಬಾಲಿಸುತ್ತದೆ. ಆ ಏರಿಳಿತವೇ ಹಾಡು.

ಗಣೇಶನ ಪೆಂಡಾಲಿನ ಮೈಕ್ ಮತ್ತು ಆರ್ಮ್‌ಸ್ಟ್ರಾಂಗ್

ಒಂದು ವಾಲ್ವ್ ಇಷ್ಟು ಕೆಲಸ ಮಾಡಿದರೂ ಸದ್ದು ಸಣ್ಣದಾಗಿಯೇ ಇರುತ್ತದೆ. ದೊಡ್ಡದು ಮಾಡಲು ಇನ್ನೂ ನಾಲ್ಕು ವಾಲ್ವ್ ಹಾಕಬಹುದು. ಅಥವಾ ಒಂದೇ ವಾಲ್ವಿನಿಂದ ಮತ್ತೆ ಮತ್ತೆ ಕೆಲಸ ತೆಗೆಯಬಹುದು. ಈ ಎರಡನೇ ದಾರಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವನದು. ಕಾಲೇಜಿನ ಹುಡುಗ ಆಗ. 1912ರಲ್ಲಿ ಕಂಡುಕೊಂಡದ್ದಕ್ಕೆ 1914ರಲ್ಲಿ ಪೇಟೆಂಟ್ ಸಿಕ್ಕಿತು.

ಗಣೇಶನ ಪೆಂಡಾಲಿನಲ್ಲಿ ಮೈಕ್ ಹಿಡಿದವರು ಸ್ಪೀಕರಿನ ಮುಂದೆ ಬಂದರೆ ಏನಾಗುತ್ತದೆ? ಮೈಕಿಗೆ ಬಿದ್ದ ಸದ್ದು ಸ್ಪೀಕರಿನಿಂದ ದೊಡ್ಡದಾಗಿ ಬರುತ್ತದೆ, ಅದೇ ಸದ್ದು ಮತ್ತೆ ಮೈಕಿಗೆ ಬೀಳುತ್ತದೆ, ಇನ್ನೂ ದೊಡ್ಡದಾಗುತ್ತದೆ, ಕೊನೆಗೆ 'ಕೂಂಯ್' ಅಂತ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಆದರೆ ಅದು ಕೂಗುವ ಸ್ವಲ್ಪ ಮುಂಚೆ ಒಂದು ಹದ ಇರುತ್ತದೆ. ಆಗ ಪಿಸುಮಾತೂ ದೊಡ್ಡದಾಗಿ ಮೊಳಗುತ್ತದೆ.

ಆರ್ಮ್‌ಸ್ಟ್ರಾಂಗ್ ಮಾಡಿದ್ದು ಇದನ್ನೇ. ಪ್ಲೇಟಿನಿಂದ ಹೊರಟ ಅಲೆಯ ಸ್ವಲ್ಪ ಭಾಗವನ್ನು ಇನ್ನೊಂದು ಚಿಕ್ಕ ಕಾಯಿಲ್ ಮೂಲಕ ಮೊದಲಿನ ಕಾಯಿಲ್ಲಿಗೆ ವಾಪಸ್ ಕೊಟ್ಟ. ಉಯ್ಯಾಲೆ ಹಿಂದೆ ಬಂದಾಗಲೆಲ್ಲ ಇನ್ನೊಂದು ಕೈ ಸೇರಿ ತಳ್ಳಿದ ಹಾಗೆ. ಇದನ್ನು ರಿಯಾಕ್ಷನ್ ಅನ್ನುತ್ತಾರೆ. ಕೂಗುವ ಮುಂಚಿನ ಹದದಲ್ಲಿ ನಿಲ್ಲಿಸಲು ಒಂದು ತಿರುಗಿಸುವ ಗುಂಡಿ ಬೇಕು. ನಾವು ಸ್ಕ್ರೀನಿನ ವೋಲ್ಟೇಜನ್ನು ಏರಿಸಿ ಇಳಿಸಿ ಆ ಹದ ಹಿಡಿಯುತ್ತೇವೆ.

ಹದ ಮೀರಿದರೆ ರೇಡಿಯೊ ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರ ಆಗಿಬಿಡುತ್ತದೆ. ಪಕ್ಕದ ಮನೆಯ ರೇಡಿಯೊದಲ್ಲಿ ಶಿಳ್ಳೆ ಕೇಳಬಹುದು. ಶಿಳ್ಳೆ ಬಂದ ಕೂಡಲೇ ಗುಂಡಿ ಹಿಂದಕ್ಕೆ ತಿರುಗಿಸುವುದು ಮರ್ಯಾದೆ.

ಕಾಯಿಲ್ ಸುತ್ತುವುದು

ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ನಿಧಾನವಾಗಿ ಮಾಡಿ.

ಪ್ಲಂಬಿಂಗ್ ಅಂಗಡಿಯಲ್ಲಿ ಒಂದೂವರೆ ಇಂಚಿನ ಪಿವಿಸಿ ಪೈಪಿನ ತುಂಡು ಕೇಳಿ. ಹೊರಗಿನಿಂದ ಅಡ್ಡ ಅಳೆದರೆ 48 ಮಿ.ಮೀ. ಇರಬೇಕು, ಗೇಣುದ್ದ ಸಾಕು. 28 ಗೇಜಿನ ಎನಾಮಲ್ ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಬೇಕಾದದ್ದು 15 ಮೀಟರ್, ತಪ್ಪಿದರೆ ಇರಲಿ ಅಂತ 20 ಮೀಟರ್ ತನ್ನಿ.

ಪೈಪಿನ ಒಂದು ತುದಿಯಲ್ಲಿ ಎರಡು ಸಣ್ಣ ತೂತು ಕೊರೆದು ತಂತಿಯನ್ನು ಪೋಣಿಸಿ. ತಂತಿಯ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಎಳೆದು ಹಿಡಿದುಕೊಂಡು, ಪೈಪನ್ನು ತಿರುಗಿಸುತ್ತಾ ಕಿಟಕಿಯ ಕಡೆಗೆ ನಡೆಯಿರಿ. ತಂತಿ ಬಿಗಿಯಾಗಿ, ಒಂದರ ಪಕ್ಕ ಒಂದು, ಒತ್ತಾಗಿ ಕೂರುತ್ತದೆ. ಹತ್ತು ಸುತ್ತಿಗೊಮ್ಮೆ ಕಾಗದದ ಮೇಲೆ ಗೀಟು ಹಾಕಿ. ಮಧ್ಯೆ ಫೋನ್ ಬಂದರೆ ಎತ್ತಬೇಡಿ, ಎಣಿಕೆ ಹೋಗುತ್ತದೆ. 75 ಸುತ್ತು ಆದಾಗ ತಾಮ್ರದ ಪಟ್ಟಿ ಸುಮಾರು 3 ಸೆಂ.ಮೀ. ಅಗಲ ಇರುತ್ತದೆ. ಬೆರಳು ಆಡಿಸಿದರೆ ರೇಷ್ಮೆ ಸೀರೆಯ ಜರಿಯಂತೆ ಸಣ್ಣಗೆ ಗೆರೆ ಗೆರೆಯಾಗಿ ಸಿಗುತ್ತದೆ.

ಅದರ ಕೆಳಗೆ ಅರ್ಧ ಸೆಂ.ಮೀ. ಜಾಗ ಬಿಟ್ಟು, ಅದೇ ದಿಕ್ಕಿನಲ್ಲಿ ಇನ್ನು 20 ಸುತ್ತು. ಇದು ರಿಯಾಕ್ಷನ್ ಕಾಯಿಲ್. ನಾಲ್ಕು ತುದಿಗಳಲ್ಲೂ ಎನಾಮಲನ್ನು ಉಪ್ಪುಕಾಗದದಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಸಾಲ್ಡರ್ ಹಿಡಿಯುವುದಿಲ್ಲ.

75 ಯಾಕೆ? ಇಷ್ಟು ಸುತ್ತಿದರೆ ಕಾಯಿಲ್ಲಿನ ಅಳತೆ ಸುಮಾರು 240 ಮೈಕ್ರೊಹೆನ್ರಿ ಬರುತ್ತದೆ. ಅದಕ್ಕೆ 280 ಪಿಕೋಫ್ಯಾರಡ್ ಕಂಡೆನ್ಸರ್ ಸೇರಿದರೆ ಉಯ್ಯಾಲೆಯ ಲಯ ಸರಿಯಾಗಿ 612ರ ಆಸುಪಾಸು. ಹಳೇ ರೇಡಿಯೊದ ಗಾಳಿ ಗ್ಯಾಂಗ್, ಅಂದರೆ ಅಲ್ಯೂಮಿನಿಯಂ ರೆಕ್ಕೆಗಳು ಒಂದರೊಳಗೊಂದು ಹೋಗುವಂಥದ್ದು, ಇದನ್ನು ಆರಾಮಾಗಿ ಮುಟ್ಟುತ್ತದೆ. ಚಿಕ್ಕ ಪ್ಲಾಸ್ಟಿಕ್ ಗ್ಯಾಂಗ್ ಮಾತ್ರ ಸಿಕ್ಕಿದರೆ ಅದರ ಎರಡೂ ಭಾಗ ಒಟ್ಟಿಗೆ ಸೇರಿಸಿ, 95 ಸುತ್ತು ಹಾಕಿ.

ಜೋಡಿಸುವುದು

ಉಳಿದ ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ರೆಸಿಸ್ಟರು, ಕಂಡೆನ್ಸರುಗಳಿಗೆ ಯಾವ ಅಂಗಡಿಯಾದರೂ ಆದೀತು. ವಾಲ್ವ್ ಮತ್ತು ಏಳು ಪಿನ್ನಿನ ವಾಲ್ವ್ ಬೇಸ್ (ವಾಲ್ವ್ ಸಿಕ್ಕಿಸುವ ಸಾಕೆಟ್) ಬೇಕಾದರೆ ಮಾತ್ರ ಹಳಬರ ಅಂಗಡಿಗಳಲ್ಲಿ ತಾಳ್ಮೆಯಿಂದ ಕೇಳಬೇಕು.

ಒಂದು ಮರದ ಹಲಗೆಯ ಮೇಲೆ ಎಲ್ಲವನ್ನೂ ಸ್ಕ್ರೂ ಮಾಡಿ. ಈಗ ಅಲೆ ಹೋಗುವ ದಾರಿಯಲ್ಲೇ ನಾವೂ ಹೋಗೋಣ.

ಏರಿಯಲ್ ವೈರಿನಿಂದ 47 ಪಿಕೋಫ್ಯಾರಡ್ ಕಂಡೆನ್ಸರ್ ಮೂಲಕ ದೊಡ್ಡ ಕಾಯಿಲ್ಲಿನ ಮೇಲಿನ ತುದಿಗೆ. ಗ್ಯಾಂಗ್ ಆ ಕಾಯಿಲ್ಲಿನ ಎರಡು ತುದಿಗಳ ನಡುವೆ. ಕೆಳಗಿನ ತುದಿ ಅರ್ಥಿಗೆ, ಅಂದರೆ ನೆಗೆಟಿವ್ ವೈರುಗಳೆಲ್ಲ ಒಟ್ಟಿಗೆ ಸೇರುವ ಜಾಗಕ್ಕೆ. ಮೇಲಿನ ತುದಿಯಿಂದ ಇನ್ನೊಂದು 100 ಪಿಕೋಫ್ಯಾರಡ್ ಕಂಡೆನ್ಸರ್ ಮೂಲಕ ವಾಲ್ವಿನ 6ನೇ ಪಿನ್ನಿಗೆ, ಅದೇ ಗ್ರಿಡ್. 6ನೇ ಪಿನ್ನಿನಿಂದ 7ನೇ ಪಿನ್ನಿಗೆ 2.2 ಮೆಗಾಓಮ್ ರೆಸಿಸ್ಟರ್.

ಟಾರ್ಚ್ ಸೆಲ್ಲಿನ ಪಾಸಿಟಿವ್ 7ನೇ ಪಿನ್ನಿಗೆ, ನೆಗೆಟಿವ್ 1ನೇ ಪಿನ್ನಿಗೆ. 1ನೇ ಪಿನ್, ಅರ್ಥ್, ಬಿ ಬ್ಯಾಟರಿಯ ನೆಗೆಟಿವ್ ಮೂರೂ ಒಂದೇ ಕಡೆ ಸೇರುತ್ತವೆ.

2ನೇ ಪಿನ್ ಪ್ಲೇಟ್. ಅಲ್ಲಿಂದ ಚಿಕ್ಕ ಕಾಯಿಲ್ಲಿಗೆ. ಚಿಕ್ಕ ಕಾಯಿಲ್ಲಿನ ಇನ್ನೊಂದು ತುದಿಯಿಂದ ಹೆಡ್‌ಫೋನ್ ಟ್ರಾನ್ಸ್‌ಫಾರ್ಮರಿಗೆ (ಇದರ ವಿವರ ಮುಂದಿದೆ), ಅಲ್ಲಿಂದ ಆ 2.2 ಕಿಲೋಓಮ್ ರೆಸಿಸ್ಟರ್ ದಾಟಿ ಬಿ ಬ್ಯಾಟರಿಯ ಪಾಸಿಟಿವ್‌ಗೆ. ಕಾಯಿಲ್ಲೂ ಟ್ರಾನ್ಸ್‌ಫಾರ್ಮರೂ ಸೇರುವ ಜಾಗದಿಂದ ಅರ್ಥಿಗೆ 470 ಪಿಕೋಫ್ಯಾರಡ್ ಹಾಕಿ, ಬೇಡದ ಅಲೆ ಅಲ್ಲೇ ಇಳಿದುಹೋಗುತ್ತದೆ.

3ನೇ ಪಿನ್ ಸ್ಕ್ರೀನ್. 100 ಕಿಲೋಓಮಿನ ವಾಲ್ಯೂಮ್ ಕಂಟ್ರೋಲ್ ತೆಗೆದುಕೊಂಡು, ಅದರ ಒಂದು ಕೊನೆಯ ಕಾಲು ರೆಸಿಸ್ಟರ್ ದಾಟಿ ಬಂದ ಪಾಸಿಟಿವ್‌ಗೆ, ಇನ್ನೊಂದು ಅರ್ಥಿಗೆ, ನಡುವಿನ ಕಾಲು 3ನೇ ಪಿನ್ನಿಗೆ. ಆ ನಡುವಿನ ಕಾಲಿನಿಂದ ಅರ್ಥಿಗೆ 0.1 ಮೈಕ್ರೊಫ್ಯಾರಡ್. ರಿಯಾಕ್ಷನ್ ಗುಂಡಿ ತಯಾರಾಯಿತು. ಎರಡೂ ಬ್ಯಾಟರಿಗೆ ಸ್ವಿಚ್ ಇಡಿ. ಬಿ ಬ್ಯಾಟರಿಗೆ ಇಡದಿದ್ದರೆ ಈ ಕಂಟ್ರೋಲ್ ಮೂಲಕ ಹಗಲೂ ರಾತ್ರಿ ಸೋರುತ್ತಲೇ ಇರುತ್ತದೆ.

ವಾಲ್ವ್ ಸಿಕ್ಕಿಸುವ ಮುಂಚೆ ಒಂದು ಪರೀಕ್ಷೆ. ಎರಡೂ ಬ್ಯಾಟರಿ ಹಾಕಿ, ಖಾಲಿ ಬೇಸಿನ 1 ಮತ್ತು 7ನೇ ತೂತುಗಳ ನಡುವೆ ಮೀಟರ್ ಇಟ್ಟು ನೋಡಿ. 1.5 ವೋಲ್ಟ್ ಆಸುಪಾಸು ಬಂದರೆ ಸರಿ. ಅದಕ್ಕಿಂತ ಜಾಸ್ತಿ ತೋರಿಸಿದರೆ ಎಲ್ಲೋ ತಪ್ಪಾಗಿದೆ, ವಾಲ್ವ್ ಮುಟ್ಟಬೇಡಿ.

ಹೆಡ್‌ಫೋನಿನ ತೊಡಕು

ಹಳೇ ಕಾಲದ ಹೆಡ್‌ಫೋನುಗಳು 2,000 ಓಮಿನವು, ನೇರವಾಗಿ ಪ್ಲೇಟಿಗೆ ಹಾಕುತ್ತಿದ್ದರು. ಈಗಿನವು 32 ಓಮ್. ನೇರ ಹಾಕಿದರೆ ಏನೂ ಕೇಳುವುದಿಲ್ಲ. ಸೈಕಲ್ಲಿನಲ್ಲಿ ತಪ್ಪು ಗೇರ್ ಹಾಕಿದ ಹಾಗೆ, ಪೆಡಲ್ ತಿರುಗುತ್ತದೆ, ಬಲ ಚಕ್ರಕ್ಕೆ ಸಿಗುವುದಿಲ್ಲ.

ಗೇರ್ ಬದಲಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಬ್ಯಾಟರಿಯ ಬದಲು ಪ್ಲಗ್ಗಿಗೆ ಹಾಕುತ್ತಿದ್ದ ಎಲಿಮಿನೇಟರಿನಲ್ಲಿ ಬರುತ್ತಿದ್ದ 230 ವೋಲ್ಟಿನಿಂದ 6 ವೋಲ್ಟಿಗೆ ಇಳಿಸುವ ಚಿಕ್ಕ ಟ್ರಾನ್ಸ್‌ಫಾರ್ಮರ್ ಚೆನ್ನಾಗಿ ಕೆಲಸ ಮಾಡುತ್ತದೆ. 230 ವೋಲ್ಟಿನ ಕಡೆ ವಾಲ್ವಿಗೆ, 6 ವೋಲ್ಟಿನ ಕಡೆ ಹೆಡ್‌ಫೋನಿಗೆ. 230ನ್ನು 6ರಿಂದ ಭಾಗಿಸಿದರೆ 38. ಓಮ್ ಲೆಕ್ಕದಲ್ಲಿ ಅದರ ವರ್ಗ, ಅಂದರೆ ಸುಮಾರು 1,470 ಪಟ್ಟು. 32 ಓಮಿನ ಹೆಡ್‌ಫೋನ್ ವಾಲ್ವಿನ ಕಣ್ಣಿಗೆ 47,000 ಓಮ್ ಹಾಗೆ ಕಾಣುತ್ತದೆ. ಅದಕ್ಕೆ ಬೇಕಾದದ್ದೂ ಅಂಥದ್ದೇ. ಈ ಟ್ರಾನ್ಸ್‌ಫಾರ್ಮರಿನ ಪ್ಲಗ್ಗನ್ನು ಕತ್ತರಿಸಿ ಬಿಸಾಡಿ. ಯಾರೂ ಮರೆತೂ ಅದನ್ನು ಗೋಡೆಗೆ ಹಾಕಬಾರದು.

ಬೆಂಗಳೂರಿನಲ್ಲಿ ಕೇಳುವುದು

ತಾರಸಿಯಲ್ಲಿ ಐದಾರು ಮೀಟರ್ ವೈರ್ ಕಟ್ಟಿದರೆ ಏರಿಯಲ್ ಆಯಿತು. ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲೇ ಸಾಕು. ಕರೆಂಟ್ ಕಂಬದ ತಂತಿಗಳಿಂದ ದೂರ ಇರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಏರಿಯಲ್ ಬಿಚ್ಚಿ ಹೊರಗೇ ಬಿಡಿ. ಬೆಂಗಳೂರು ಕೇಂದ್ರದ ಶಕ್ತಿ 200 ಕಿಲೋವಾಟ್, ಹಾಗಾಗಿ ಇಷ್ಟು ಚಿಕ್ಕ ಏರಿಯಲ್ ಸಾಲುತ್ತದೆ.

ರಿಯಾಕ್ಷನ್ ಗುಂಡಿ ಮೆಲ್ಲಗೆ ತಿರುಗಿಸಿ. ಮೊದಲು ನಿಶ್ಶಬ್ದ. ಆಮೇಲೆ ಹಿನ್ನೆಲೆಯಲ್ಲಿ ಒಲೆ ಮೇಲಿನ ನೀರಿನಂತೆ 'ಸುಯ್' ಅನ್ನುವ ಸದ್ದು ಏಳುತ್ತದೆ. ಇನ್ನೊಂಚೂರು ತಿರುಗಿಸಿದರೆ 'ಟಪ್' ಅಂದು ಶಿಳ್ಳೆ. ಒಂದು ಕೂದಲೆಳೆ ಹಿಂದಕ್ಕೆ ಬನ್ನಿ. ಗ್ಯಾಂಗ್ ತಿರುಗಿಸುತ್ತಾ ಹೋಗಿ. ಗುಂಡಿ ಎಷ್ಟು ತಿರುಗಿಸಿದರೂ ಶಿಳ್ಳೆ ಬರದಿದ್ದರೆ ಚಿಕ್ಕ ಕಾಯಿಲ್ಲಿನ ಎರಡು ತುದಿಗಳನ್ನು ಅದಲು ಬದಲು ಮಾಡಿ. ಉಯ್ಯಾಲೆಯನ್ನು ತಳ್ಳುವ ಬದಲು ತಡೆಯುತ್ತಿದ್ದಿರಿ, ಅಷ್ಟೇ. ವಾಲ್ವನ್ನು ಉಗುರಿನಿಂದ ತಟ್ಟಿದರೆ ಹೆಡ್‌ಫೋನಿನಲ್ಲಿ 'ಟಿಂಗ್' ಅಂತ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಫಿಲಮೆಂಟ್ ತಂತಿ ನಡುಗುವ ಸದ್ದು ಅದು, ಕೆಟ್ಟಿಲ್ಲ.

ಬೆಂಗಳೂರಿನಲ್ಲಿ ಕಷ್ಟ ಇರುವುದು ಗದ್ದಲದ್ದು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ಇವೆಲ್ಲ ಒಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸುತ್ತವೆ. ಆ ಕತ್ತರಿಯ ಸದ್ದು ಮೀಡಿಯಂ ವೇವಿನಲ್ಲಿ, ಅಂದರೆ 612ರಂಥ ಕೇಂದ್ರಗಳಿರುವ ಪಟ್ಟಿಯಲ್ಲಿ, ಜೀರುಂಡೆಯಂತೆ ಕೊರೆಯುತ್ತದೆ. ಹತ್ತಿರದ ಚಾರ್ಜರುಗಳನ್ನು ಒಂದೊಂದಾಗಿ ಕಿತ್ತು ನೋಡಿ, ಯಾವುದು ಕಳ್ಳ ಅಂತ ಗೊತ್ತಾಗುತ್ತದೆ. ಒಂದು ಸಂಜೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಜೀರುಂಡೆ ಥಟ್ಟನೆ ನಿಂತಿತು. ಕತ್ತಲಲ್ಲಿ ಕೂತು ಅಷ್ಟು ಶುಚಿಯಾದ ವೀಣೆಯನ್ನು ಆ ಹಲಗೆಯ ರೇಡಿಯೊದಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

ರಾತ್ರಿ ದೂರದ ಕೇಂದ್ರಗಳೂ ಬರುತ್ತವೆ. ಹಗಲು ಬಿಸಿಲಿನಿಂದ ಆಕಾಶದಲ್ಲಿ, ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಒಂದು ಪದರ ಏಳುತ್ತದೆ. ಅದು ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಧಾರವಾಡ ಕೇಂದ್ರದ ಜಾಗ 765. ಗ್ಯಾಂಗ್ ಆ ಕಡೆ ಮೆಲ್ಲಗೆ ಸರಿಸಿ ಕಿವಿಗೊಡಿ.

ಹಾಗಾದರೆ ಅಟ್ಟದ ಸೆಟ್?

ಅದರೊಳಗೆ ಸಾಮಾನ್ಯವಾಗಿ ನಾಲ್ಕು ವಾಲ್ವ್: 1ಆರ್5, 1ಟಿ4, 1ಎಸ್5, 3ಎಸ್4, ಅಥವಾ ಇವುಗಳ ಅಣ್ಣತಮ್ಮಂದಿರು. ನಾಲ್ಕೂ ಸೇರಿ 1.4 ವೋಲ್ಟಿನಲ್ಲಿ 250 ಮಿಲಿಆಂಪ್, ಪ್ಲೇಟುಗಳಿಗೆ 67.5 ಅಥವಾ 90 ವೋಲ್ಟ್.

ಸಿಕ್ಕ ಕೂಡಲೇ ಬ್ಯಾಟರಿ ಹಾಕಬೇಡಿ. ನಾಲ್ಕು ವೈರಿನಲ್ಲಿ ಎ ಯಾವುದು, ಬಿ ಯಾವುದು ಅಂತ ತಪ್ಪಿದರೆ ಒಂದೇ ಕ್ಷಣಕ್ಕೆ ನಾಲ್ಕೂ ವಾಲ್ವ್ ಹೋಗುತ್ತವೆ. ಮೊದಲು ವಾಲ್ವುಗಳನ್ನು ನೇರಕ್ಕೆ, ಅಲ್ಲಾಡಿಸದೆ ಹೊರಗೆಳೆಯಿರಿ. 1ಟಿ4ದ 1 ಮತ್ತು 7ನೇ ಪಿನ್ನಿಗೆ ಡಿಜಿಟಲ್ ಮೀಟರ್ ಇಡಿ. ಫಿಲಮೆಂಟ್ ಬಿಸಿಯಾದಾಗ 28 ಓಮ್, ತಣ್ಣಗಿರುವಾಗ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಆಮೇಲೆ ಮೇಣ ಸುರಿಯುತ್ತಿರುವ ಕಾಗದದ ಕಂಡೆನ್ಸರುಗಳನ್ನು ಬದಲಾಯಿಸಿ, ಅಷ್ಟು ವರ್ಷ ಕೂತು ಅವು ಸೋರುತ್ತಿರುತ್ತವೆ. ಎ ವೈರುಗಳನ್ನು ವಾಲ್ವ್ ಬೇಸಿನಿಂದ ಹಿಂದಕ್ಕೆ ಹುಡುಕುತ್ತಾ ಬಂದು ಗುರುತು ಕಟ್ಟಿ. ಖಾಲಿ ಬೇಸುಗಳಲ್ಲಿ ವೋಲ್ಟೇಜ್ ಅಳೆದು ಸರಿ ಅಂತ ಖಾತ್ರಿಯಾದ ಮೇಲೆ ವಾಲ್ವುಗಳನ್ನು ಒಂದೊಂದಾಗಿ ವಾಪಸ್ ಹಾಕಿ.

ಆ ನಾಲ್ಕು ವಾಲ್ವಿನ ಸೆಟ್ ಮುಟ್ಟುವ ಮುಂಚೆ ಹಲಗೆಯ ಮೇಲಿನ ಒಂದು ವಾಲ್ವಿನದನ್ನು ಕಟ್ಟಿಬಿಡಿ. ಯಾವ ಪಿನ್ ಏನು ಮಾಡುತ್ತದೆ ಅಂತ ಆ ಹೊತ್ತಿಗೆ ಕೈಗೇ ಗೊತ್ತಿರುತ್ತದೆ.